ಗಾಂಡಾ ಮನೆಗಳಿಂದ ಇಪ್ಪತ್ತು ನಿಮಿಷದ ಕೋಣೆಗೆ: ಮೇರಿ ಏನ್ಸ್‌ವರ್ತ್ ಮತ್ತು ಶಿಶುವೀಕ್ಷಣೆಯ ಚರಿತ್ರೆ

ಹಸುಗೂಸು ತಾಯಿಯನ್ನು ಏಕೆ ಹಚ್ಚಿಕೊಳ್ಳುತ್ತದೆ ಎಂಬ ಪ್ರಶ್ನೆ ಮನುಷ್ಯನಷ್ಟೇ ಹಳೆಯದಾದರೂ, ಪರರ ಮನೆಗಳಿಗೆ ತಿಂಗಳುಗಟ್ಟಲೆ ಹೋಗಿ ಕುಳಿತು, ಕಂಡದ್ದನ್ನು ಕಂಡಂತೆ ಬರೆದಿಟ್ಟು ಆ ಪ್ರಶ್ನೆಗೆ ಉತ್ತರ ಹುಡುಕುವ ಪದ್ಧತಿ ಬೆಳವಣಿಗೆಯ ಮನೋವಿಜ್ಞಾನದಲ್ಲಿ ನೆಲೆಗೊಂಡದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಬೆಳವಣಿಗೆಯ ಮನೋವಿಜ್ಞಾನವೆಂದರೆ ಹುಟ್ಟಿನಿಂದ ಮುಪ್ಪಿನವರೆಗೆ ಮನುಷ್ಯನ ಬುದ್ಧಿ, ಭಾವ ಮತ್ತು ಸಂಬಂಧಗಳು ಹೇಗೆ ಬದಲಾಗುತ್ತವೆ ಎಂಬುದನ್ನು ಅರಿಯುವ ಶಾಸ್ತ್ರ. ಚಾರ್ಲ್ಸ್ ಡಾರ್ವಿನ್ ತನ್ನ ಮೊದಲ ಮಗನ ಬಗ್ಗೆ ಇಟ್ಟುಕೊಂಡಿದ್ದ ಟಿಪ್ಪಣಿಗಳನ್ನು ಆಧರಿಸಿ 1877ರಲ್ಲಿ ಒಂದು ಲೇಖನ ಪ್ರಕಟಿಸಿದ್ದನು. 1882ರಲ್ಲಿ ವಿಲ್ಹೆಲ್ಮ್ ಪ್ರೇಯರ್ ತನ್ನ ಮಗನ ದಿನಚರಿಯಿಂದ ಇಡೀ ಗ್ರಂಥವನ್ನೇ ರಚಿಸಿದನು. ಆದರೆ ಇವರಿಬ್ಬರೂ ನೋಡಿದ್ದು ತಮ್ಮ ಮನೆಯ ಒಂದೊಂದು ಮಗುವನ್ನು. ಬೇರೆಯವರ ಮನೆಯ ಮಕ್ಕಳನ್ನು, ಅದರಲ್ಲೂ ಬೇರೆ ಭಾಷೆಯ ಬೇರೆ ಖಂಡದ ಮಕ್ಕಳನ್ನು, ಅವರ ತಾಯಂದಿರ ಜೊತೆಯಲ್ಲೇ ನೋಡಿ ಒಂದು ಸಿದ್ಧಾಂತಕ್ಕೆ ಆಧಾರ ಒದಗಿಸಿದವರಲ್ಲಿ ಮೇರಿ ಡಿನ್ಸ್‌ಮೋರ್ ಸಾಲ್ಟರ್ ಏನ್ಸ್‌ವರ್ತ್ ಅವರ ಹೆಸರು ಮೊದಲಿಗೆ ಬರಬೇಕಾದದ್ದು.

ಇಂದು ಅವರ ಹೆಸರು ಬಹುತೇಕ ಪಠ್ಯಪುಸ್ತಕಗಳಲ್ಲಿ ಒಂದೇ ಒಂದು ಪ್ರಯೋಗದೊಂದಿಗೆ ಅಂಟಿಕೊಂಡಿದೆ. ‘ಅಪರಿಚಿತ ಸನ್ನಿವೇಶ’ ಎಂದು ಅನುವಾದಿಸಬಹುದಾದ ಆ ಪ್ರಯೋಗ ಒಂದು ಕೋಣೆಯಲ್ಲಿ ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ಆ ಇಪ್ಪತ್ತು ನಿಮಿಷಗಳಿಗೆ ಅರ್ಥ ಕೊಟ್ಟದ್ದು ಅದಕ್ಕೂ ಮೊದಲು ಪೂರ್ವ ಆಫ್ರಿಕಾದ ಹಳ್ಳಿಮನೆಗಳಲ್ಲಿ, ಆಮೇಲೆ ಅಮೆರಿಕದ ಒಂದು ಬಂದರು ನಗರದ ಮನೆಗಳಲ್ಲಿ ಕಳೆದ ನೂರಾರು ಗಂಟೆಗಳ ತಾಳ್ಮೆ ಎಂಬುದು ಮಾತ್ರ ಹಿನ್ನೆಲೆಗೆ ಸರಿದಿದೆ. ಏನ್ಸ್‌ವರ್ತ್ ಅವರ ಬದುಕಿನ ಚರಿತ್ರೆಯನ್ನು ಮೊದಲಿನಿಂದ ಓದಿದರೆ, ಅವರ ನಿಜವಾದ ಕೊಡುಗೆ ಪ್ರಯೋಗವಲ್ಲ, ವೀಕ್ಷಣೆಯೇ ಎಂಬುದು ಸ್ಪಷ್ಟವಾಗುತ್ತದೆ.

ಪರಿಭಾಷೆಯ ಬಗ್ಗೆ ಇಲ್ಲಿಯೇ ಒಂದು ಮಾತು ಅಗತ್ಯ. ಇಂಗ್ಲಿಷಿನ ‘ಅಟ್ಯಾಚ್‌ಮೆಂಟ್’ ಎಂಬ ಪಾರಿಭಾಷಿಕ ಪದಕ್ಕೆ ‘ಬಾಂಧವ್ಯ’ ಎಂಬ ಕನ್ನಡ ಪದವನ್ನು ಬಳಸಬಹುದಾದರೂ, ಬಾಂಧವ್ಯವು ಎರಡೂ ಕಡೆಯ ನಂಟನ್ನು ಸೂಚಿಸುವ ಮಾತು. ಈ ಶಾಸ್ತ್ರವು ಹೇಳುವುದು ಮಗುವಿನ ಕಡೆಯಿಂದ ಹೊರಟು ಒಬ್ಬ ನಿರ್ದಿಷ್ಟ ವ್ಯಕ್ತಿಯ ಮೇಲೆ ನೆಲೆಗೊಳ್ಳುವ ಒಲವನ್ನು. ‘ಮಗು ಅಜ್ಜಿಯನ್ನು ತುಂಬ ಹಚ್ಚಿಕೊಂಡಿದೆ’ ಎಂದು ಕನ್ನಡದ ಮನೆಗಳಲ್ಲಿ ಆಡುವ ಮಾತಿನಲ್ಲಿ ಆ ಅರ್ಥ ಯಾವ ವಿವರಣೆಯೂ ಇಲ್ಲದೆ ಸಿದ್ಧಿಸಿದೆ. ಆದ್ದರಿಂದ ಈ ಬರಹದಲ್ಲಿ ಸಿದ್ಧಾಂತದ ಹೆಸರಾಗಿ ಬಾಂಧವ್ಯವೆಂಬ ಪದವನ್ನೂ, ಮಗುವಿನ ಕ್ರಿಯೆಗೆ ಹಚ್ಚಿಕೊಳ್ಳುವುದು ಎಂಬ ಮಾತನ್ನೂ ಬಳಸಲಾಗಿದೆ.

ಮೇರಿ ಸಾಲ್ಟರ್ 1913ರ ಡಿಸೆಂಬರ್ 1ರಂದು ಅಮೆರಿಕದ ಒಹಾಯೊ ರಾಜ್ಯದ ಗ್ಲೆಂಡೇಲ್‌ನಲ್ಲಿ, ಮೂವರು ಹೆಣ್ಣುಮಕ್ಕಳಲ್ಲಿ ಹಿರಿಯಳಾಗಿ ಜನಿಸಿದರು. 1918ರಲ್ಲಿ ಕುಟುಂಬವು ಕೆನಡಾದ ಟೊರಾಂಟೊ ನಗರಕ್ಕೆ ವಲಸೆ ಹೋಯಿತು. ಹದಿನೈದನೆಯ ವಯಸ್ಸಿನಲ್ಲಿ ವಿಲಿಯಂ ಮ್ಯಾಕ್‌ಡೂಗಲ್ ಬರೆದ ಮನೋವಿಜ್ಞಾನದ ಪುಸ್ತಕವೊಂದನ್ನು ಓದಿ, ಮನುಷ್ಯನ ನಡತೆಯ ಕಾರಣಗಳನ್ನು ಹೊರಗಿನ ಶಕ್ತಿಗಳಲ್ಲಷ್ಟೇ ಅಲ್ಲದೆ ಒಳಗೂ ಹುಡುಕಬಹುದೆಂಬ ಅರಿವಿನಿಂದ ಅವರು ಆ ಶಾಸ್ತ್ರವನ್ನೇ ತಮ್ಮ ದಾರಿಯೆಂದು ಆರಿಸಿಕೊಂಡರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ 1935ರಲ್ಲಿ ಪದವಿ, 1936ರಲ್ಲಿ ಸ್ನಾತಕೋತ್ತರ ಪದವಿ, 1939ರಲ್ಲಿ ಡಾಕ್ಟರೇಟ್ ಪಡೆದರು.

ಅಲ್ಲಿ ಅವರ ಗುರುವಾಗಿದ್ದ ವಿಲಿಯಂ ಬ್ಲಾಟ್ಜ್ ಕೆನಡಾದಲ್ಲಿ ಮಕ್ಕಳ ಅಧ್ಯಯನಕ್ಕೆ ತಳಹದಿ ಹಾಕಿದ ಮನೋವಿಜ್ಞಾನಿ. ಬ್ಲಾಟ್ಜ್ ರೂಪಿಸಿದ್ದು ‘ಭದ್ರತಾ ಸಿದ್ಧಾಂತ’. ಮಗು ಹೊಸದನ್ನು ಕಲಿಯಬೇಕಾದರೆ ಅಪರಿಚಿತವಾದುದರತ್ತ ಹೆಜ್ಜೆಯಿಡಬೇಕು, ಅಂಥ ಹೆಜ್ಜೆಯಿಡುವ ಧೈರ್ಯ ಬರುವುದು ಹಿಂದೆ ತಂದೆತಾಯಿಯೆಂಬ ಆಸರೆ ಇದೆಯೆಂಬ ನಂಬಿಕೆಯಿಂದ ಎಂಬುದು ಅದರ ತಿರುಳು. ಅವಲಂಬನೆಯನ್ನು ಮಗುವಿನ ದೌರ್ಬಲ್ಯವೆಂದು, ಆದಷ್ಟು ಬೇಗ ಬಿಡಿಸಬೇಕಾದ ಚಟವೆಂದು ಎಣಿಸುತ್ತಿದ್ದ ಕಾಲದಲ್ಲಿ, ಅವಲಂಬನೆಯೇ ಸ್ವಾತಂತ್ರ್ಯಕ್ಕೆ ನೆಲೆ ಎಂದು ಹೇಳಿದ್ದು ಸಣ್ಣ ಮಾತಲ್ಲ. ಮೇರಿ ಸಾಲ್ಟರ್ ಅವರ ಡಾಕ್ಟರೇಟ್ ಪ್ರಬಂಧವು ಈ ವಿಚಾರವನ್ನೇ ಕುರಿತದ್ದಾಗಿತ್ತು; ಮುಂದೆ ಜಗತ್ತಿನಾದ್ಯಂತ ಬಳಕೆಗೆ ಬಂದ ‘ಭದ್ರ ನೆಲೆ’ ಎಂಬ ಪರಿಕಲ್ಪನೆಯ ಬೇರು ಇರುವುದು ಟೊರಾಂಟೊದಲ್ಲಿ.

ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಅವರು ಕೆನಡಾದ ಮಹಿಳಾ ಸೇನಾದಳವನ್ನು ಸೇರಿ, ಯಾರನ್ನು ಯಾವ ಕೆಲಸಕ್ಕೆ ಆರಿಸಬೇಕೆಂಬ ಪರೀಕ್ಷೆ ಮತ್ತು ಸಂದರ್ಶನಗಳ ವಿಭಾಗದಲ್ಲಿ ದುಡಿದು ಮೇಜರ್ ಹುದ್ದೆಗೇರಿದರು. ಯುದ್ಧಾನಂತರ ಮತ್ತೆ ಟೊರಾಂಟೊದಲ್ಲಿ ಬೋಧಿಸುತ್ತಿದ್ದಾಗ ಶಾಯಿಯ ಕಲೆಗಳನ್ನು ತೋರಿಸಿ ವ್ಯಕ್ತಿತ್ವವನ್ನು ಅಳೆಯುವ ರೋರ್ಶಾಕ್ ಪರೀಕ್ಷೆಯಲ್ಲಿ ಪರಿಣತಿ ಗಳಿಸಿ, ಬ್ರೂನೊ ಕ್ಲೋಪ್‌ಫರ್ ಮೊದಲಾದವರೊಂದಿಗೆ 1954ರಲ್ಲಿ ಪ್ರಕಟವಾದ ಗ್ರಂಥವೊಂದಕ್ಕೆ ಸಹಲೇಖಕಿಯಾದರು. 1950ರಲ್ಲಿ ಅದೇ ವಿಭಾಗದ ವಿದ್ಯಾರ್ಥಿಯಾಗಿದ್ದ ಲೆನರ್ಡ್ ಏನ್ಸ್‌ವರ್ತ್ ಅವರನ್ನು ವಿವಾಹವಾದರು. ಹೆಂಡತಿ ಅಧ್ಯಾಪಕಿಯಾಗಿರುವ ವಿಭಾಗದಲ್ಲಿಯೇ ಗಂಡ ವಿದ್ಯಾರ್ಥಿಯಾಗಿರುವುದು ಇಬ್ಬರಿಗೂ ಸರಿತೋರದ್ದರಿಂದ ಆತ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಂಶೋಧನೆ ಮುಂದುವರಿಸಲು ಹೊರಟರು. ಮೇರಿ ಜೊತೆಯಲ್ಲಿ ಹೋದರು. ಮುಂದಿನ ಒಂದು ದಶಕ ಅವರ ಊರುಗಳನ್ನು ನಿರ್ಧರಿಸಿದ್ದು ಗಂಡನ ವೃತ್ತಿ. ಆದರೆ ಆ ಊರುಗಳಲ್ಲಿ ಏನು ನೋಡಬೇಕೆಂಬುದನ್ನು ಅವರೇ ನಿರ್ಧರಿಸಿದರು.

ಲಂಡನ್ನಿನಲ್ಲಿ ಪತ್ರಿಕೆಯ ಜಾಹೀರಾತೊಂದನ್ನು ಕಂಡು ಅವರು ಸೇರಿದ್ದು ಟ್ಯಾವಿಸ್ಟಾಕ್ ಚಿಕಿತ್ಸಾಲಯದಲ್ಲಿದ್ದ ಮನೋವೈದ್ಯ ಜಾನ್ ಬೌಲ್ಬಿ ಅವರ ಸಂಶೋಧನಾ ತಂಡವನ್ನು. ತಾಯಿಯಿಂದ ಅಗಲಿದ ಎಳೆಯ ಮಕ್ಕಳ ಮನಸ್ಸಿಗೆ ಏನಾಗುತ್ತದೆ ಎಂಬುದು ಆ ತಂಡದ ವಿಷಯವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಬೌಲ್ಬಿ ಸಿದ್ಧಪಡಿಸಿದ ತಾಯ್ತನದ ಆರೈಕೆ ಮತ್ತು ಮಾನಸಿಕ ಆರೋಗ್ಯದ ವರದಿ 1951ರಲ್ಲಿ ಹೊರಬಂದಿತ್ತು. ಆದರೆ ಏನ್ಸ್‌ವರ್ತ್ ಅವರ ಮೇಲೆ ಅಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಭಾವ ಬೀರಿದವರು ಜೇಮ್ಸ್ ರಾಬರ್ಟ್‌ಸನ್. ಯುದ್ಧಕಾಲದಲ್ಲಿ ಆ್ಯನಾ ಫ್ರಾಯ್ಡ್ ನಡೆಸುತ್ತಿದ್ದ ಹ್ಯಾಂಪ್‌ಸ್ಟೆಡ್ ಶಿಶುವಿಹಾರಗಳಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದವರು ಅವರು. ಅಲ್ಲಿ ಕೆಲಸ ಮಾಡುವವರು, ಅವರ ಹುದ್ದೆ ಏನೇ ಇರಲಿ, ತಾವು ಕಂಡ ಮಗುವಿನ ನಡತೆಯನ್ನು ಕಾರ್ಡುಗಳ ಮೇಲೆ ಬರೆಯಬೇಕೆಂಬ ನಿಯಮವಿತ್ತು. ವ್ಯಾಖ್ಯಾನ ಬೇಡ, ಕಂಡದ್ದು ಸಾಕು ಎಂಬ ಆ ಶಿಸ್ತಿನಲ್ಲಿ ಪಳಗಿದ ರಾಬರ್ಟ್‌ಸನ್ 1952ರಲ್ಲಿ ಆಸ್ಪತ್ರೆಗೆ ಸೇರಿಸಿದ ಎರಡು ವರ್ಷದ ಮಗುವಿನ ಎಂಟು ದಿನಗಳನ್ನು ಚಲನಚಿತ್ರವಾಗಿ ಸೆರೆಹಿಡಿದರು. ಮಕ್ಕಳ ವಾರ್ಡಿಗೆ ತಾಯಂದಿರು ಬರುವುದನ್ನು ಕಟ್ಟುನಿಟ್ಟಾಗಿ ಮಿತಿಗೊಳಿಸಿದ್ದ ಬ್ರಿಟಿಷ್ ಆಸ್ಪತ್ರೆಗಳ ಪದ್ಧತಿಯನ್ನು ಅದು ಅಲುಗಾಡಿಸಿತು. ತಂದೆತಾಯಿಯರ ಭೇಟಿಗೆ ಹೊತ್ತಿನ ನಿರ್ಬಂಧವಿರಬಾರದೆಂದು 1959ರ ಪ್ಲಾಟ್ ವರದಿ ಶಿಫಾರಸು ಮಾಡಿತು. ರಾಬರ್ಟ್‌ಸನ್ ಅವರ ಟಿಪ್ಪಣಿಗಳನ್ನು ವಿಶ್ಲೇಷಿಸುವ ಕೆಲಸದಲ್ಲಿದ್ದ ಏನ್ಸ್‌ವರ್ತ್, ತಾವು ಸ್ವತಂತ್ರವಾಗಿ ಸಂಶೋಧನೆ ಮಾಡುವ ದಿನ ಬಂದರೆ ಇದೇ ಬಗೆಯ ನೇರ ವೀಕ್ಷಣೆಯನ್ನೇ ಮಾಡುವೆನೆಂದು ನಿಶ್ಚಯಿಸಿಕೊಂಡರು. ಒಬ್ಬ ಬಾಯ್ಲರ್ ಕಾಯುವವನ ಕೈಗೂ ಕಾರ್ಡು ಕೊಟ್ಟ ನಿಯಮದಿಂದ ಈ ಶಾಸ್ತ್ರಕ್ಕೆ ದೊರೆತ ಲಾಭ ಅಳತೆಗೆ ಸಿಗುವಂಥದ್ದಲ್ಲ.

ಆ ದಿನ ಬಂದದ್ದು ಉಗಾಂಡದಲ್ಲಿ. ಲೆನರ್ಡ್ ಅವರಿಗೆ ಕಂಪಾಲಾದ ಪೂರ್ವ ಆಫ್ರಿಕಾ ಸಾಮಾಜಿಕ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ದೊರೆತದ್ದರಿಂದ ದಂಪತಿಗಳು 1954ರ ಆರಂಭದ ವೇಳೆಗೆ ಅಲ್ಲಿಗೆ ತೆರಳಿದರು. ಮೇರಿ ಅವರಿಗೆ ಅಲ್ಲಿ ಕಾದಿಟ್ಟ ಹುದ್ದೆ ಯಾವುದೂ ಇರಲಿಲ್ಲ. ಸಂಸ್ಥೆಯ ನಿರ್ದೇಶಕಿಯಾಗಿದ್ದ ಮಾನವಶಾಸ್ತ್ರಜ್ಞೆ ಆಡ್ರಿ ರಿಚರ್ಡ್ಸ್ ಅವರ ನೆರವಿನಿಂದ ಸಂಶೋಧನೆಗೆ ಹಣ ದೊರೆಯಿತು. ಕಾಲ ಮಾತ್ರ ಅನುಕೂಲಕರವಾಗಿರಲಿಲ್ಲ. ಬುಗಾಂಡ ರಾಜ್ಯದ ಅರಸನಾದ ಕಬಾಕ ಎರಡನೆಯ ಮುಟೇಸನನ್ನು ಬ್ರಿಟಿಷ್ ಗವರ್ನರ್ ಆ್ಯಂಡ್ರೂ ಕೋಹೆನ್ 1953ರ ನವೆಂಬರ್ 30ರಂದು ದೇಶಭ್ರಷ್ಟನನ್ನಾಗಿ ಮಾಡಿದ್ದನು. ಅರಸನು 1955ರ ಅಕ್ಟೋಬರಿನಲ್ಲಿ ಮರಳುವವರೆಗೂ ಅವನ ಪ್ರಜೆಗಳಾದ ಗಾಂಡಾ ಜನರಲ್ಲಿ ಬಿಳಿಯರ ಬಗ್ಗೆ ಅಸಮಾಧಾನ ಆರಲಿಲ್ಲ. ಅಂಥ ಹೊತ್ತಿನಲ್ಲಿ ಒಬ್ಬ ಬಿಳಿಯ ಹೆಂಗಸನ್ನು ಮನೆಯೊಳಗೆ ಬರಮಾಡಿಕೊಂಡು ಎಳೆಗೂಸುಗಳ ವಿಷಯವನ್ನು ಬಿಚ್ಚಿ ಹೇಳಿದ ತಾಯಂದಿರಿಗೆ ಈ ಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನ ಇನ್ನೂ ಪೂರ್ತಿಯಾಗಿ ಸಂದಿಲ್ಲ.

ಅವರು ಮೊದಲು ಅಧ್ಯಯನ ಮಾಡಬೇಕೆಂದುಕೊಂಡದ್ದು ಮೊಲೆ ಬಿಡಿಸುವ ಪದ್ಧತಿಯನ್ನು. ಗಾಂಡಾ ಜನರಲ್ಲಿ ಮೊಲೆ ಬಿಡಿಸುವ ಕಾಲಕ್ಕೆ ಮಗುವನ್ನು ತಾಯಿಯಿಂದ ದೂರಮಾಡಿ ಅಜ್ಜಿಯ ಮನೆಗೆ ಕಳುಹಿಸುವ, ಮಗು ಅಲ್ಲಿದ್ದು ತಾಯ ಹಾಲನ್ನು ಮರೆಯಲೆಂದು ಬಿಡುವ ಸಂಪ್ರದಾಯವಿತ್ತು. ಆಗಿನ ಆಫ್ರಿಕಾದಲ್ಲಿ ಆ ವಿಷಯಕ್ಕೆ ವೈದ್ಯಕೀಯ ಮಹತ್ವವೂ ಇತ್ತು. ಮೊಲೆ ಬಿಡಿಸಿದ ನಂತರ ಪ್ರೋಟೀನಿನ ಕೊರತೆಯಿಂದ ಮಕ್ಕಳ ಮೈ ಬಾತು, ಕೂದಲಿನ ಬಣ್ಣಗೆಡುವ ಕ್ವಾಶಿಯೊರ್ಕರ್ ಎಂಬ ರೋಗವನ್ನು ವೈದ್ಯೆ ಸಿಸಿಲಿ ವಿಲಿಯಮ್ಸ್ 1930ರ ದಶಕದಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಗುರುತಿಸಿ, ಅಲ್ಲಿಯ ಗಾ ಭಾಷೆಯ ಹೆಸರಿನಿಂದಲೇ ವೈದ್ಯಲೋಕಕ್ಕೆ ಪರಿಚಯಿಸಿದ್ದರು. ಕಂಪಾಲಾದ ಮುಲಾಗೊ ಆಸ್ಪತ್ರೆಯೂ ಆ ರೋಗದ ಸಂಶೋಧನೆಗೆ ಹೆಸರಾಗಿತ್ತು. ಮುಂದಿನ ಕೂಸು ಬಂದಾಗ ಹಿಂದಿನ ಕೂಸಿಗೆ ತಗಲುವ ರೋಗವೆಂಬುದು ಆ ಹೆಸರಿನ ಅರ್ಥವೆನ್ನುತ್ತಾರೆ. ಮೊಲೆಯಿಂದ ದೂರವಾದ ಮಗುವಿನ ದೇಹವನ್ನು ವೈದ್ಯರು ನೋಡುತ್ತಿದ್ದರೆ, ಅದರ ಮನಸ್ಸನ್ನು ನೋಡುವುದು ಏನ್ಸ್‌ವರ್ತ್ ಅವರ ಉದ್ದೇಶ.

ಆದರೆ ಮನೆಮನೆಗೆ ಹೋಗಲು ಆರಂಭಿಸಿದಾಗ ಆ ಸಂಪ್ರದಾಯ ಬಹುಮಟ್ಟಿಗೆ ಬಿಟ್ಟುಹೋಗಿರುವುದು ತಿಳಿಯಿತು. ಪೂರ್ವನಿರ್ಧರಿತ ಪ್ರಶ್ನೆ ನೆಲ ಕಚ್ಚಿದಾಗ ಬಹಳ ಸಂಶೋಧಕರು ಮನೆಗಳನ್ನು ಬಿಟ್ಟು ಬೇರೆ ಮನೆಗಳನ್ನು ಹುಡುಕುತ್ತಾರೆ. ಏನ್ಸ್‌ವರ್ತ್ ಪ್ರಶ್ನೆಯನ್ನು ಬಿಟ್ಟು ಮನೆಗಳನ್ನು ಉಳಿಸಿಕೊಂಡರು. ಕಂಪಾಲಾದ ಆಸುಪಾಸಿನ ಹಳ್ಳಿಗಳ 26 ಕುಟುಂಬಗಳ 28 ಕೂಸುಗಳನ್ನು ಅವರು ಸುಮಾರು ಎರಡು ವಾರಗಳಿಗೊಮ್ಮೆ, ಪ್ರತಿಸಲ ಸುಮಾರು ಎರಡು ಗಂಟೆಗಳ ಕಾಲ, ಕೆಲವು ಮನೆಗಳಲ್ಲಿ ಒಂಬತ್ತು ತಿಂಗಳವರೆಗೂ ನೋಡಿದರು. ದುಭಾಷಿಯಾಗಿಯೂ ಸಹಾಯಕಿಯಾಗಿಯೂ ಜೊತೆಗಿದ್ದವರು ಕೇಟಿ ಕಿಬೂಕ ಎಂಬ ಸ್ಥಳೀಯ ಮಹಿಳೆ. ಏನ್ಸ್‌ವರ್ತ್ ಸ್ವತಃ ಲುಗಾಂಡ ಭಾಷೆಯನ್ನು ತಕ್ಕಮಟ್ಟಿಗೆ ಕಲಿತರು. ಭೇಟಿಗಳು ನಡೆಯುತ್ತಿದ್ದುದು ಮಧ್ಯಾಹ್ನದ ಹೊತ್ತು. ಬೆಳಗಿನ ತೋಟದ ಕೆಲಸ, ಮಟೋಕೆ ಎಂದು ಕರೆಯುವ ಬಾಳೆಕಾಯಿಯ ಅಡುಗೆ ಮುಗಿದು ಹೆಂಗಸರು ಮನೆಯ ನಡುಕೋಣೆಯಲ್ಲಿ ಬಂದವರನ್ನು ಕೂರಿಸಿ ಮಾತಾಡುವ ಹೊತ್ತದು. ಸಂಶೋಧಕಿಯ ಭೇಟಿ ಆ ಸಮಾಜದ ಆತಿಥ್ಯದ ಸಹಜ ಲಯದಲ್ಲಿಯೇ ಕೂಡಿಕೊಂಡಿತು. ಆದ್ದರಿಂದ ಅವರಿಗೆ ಕಂಡದ್ದು ಪರೀಕ್ಷೆಗೆ ಕೂರಿಸಿದ ಮಗುವಲ್ಲ, ಮನೆಯಲ್ಲಿದ್ದ ಮಗು.

ಆಗ ಶಾಸ್ತ್ರದಲ್ಲಿ ಎರಡು ಪಂಥಗಳು ಚಲಾವಣೆಯಲ್ಲಿದ್ದವು. ಮನೋವಿಶ್ಲೇಷಣೆಯ ಪಂಥವೂ, ಹೊರಗೆ ಕಾಣುವ ನಡತೆಯನ್ನು ಮಾತ್ರ ಅಧ್ಯಯನಕ್ಕೆ ಯೋಗ್ಯವೆಂದು ಬಗೆದ ವರ್ತನವಾದವೂ ಉಳಿದೆಲ್ಲ ವಿಷಯಗಳಲ್ಲಿ ವೈರಿಗಳಾಗಿದ್ದರೂ ಈ ಒಂದರಲ್ಲಿ ಹೆಚ್ಚುಕಡಿಮೆ ಒಂದೇ ಮಾತನ್ನಾಡುತ್ತಿದ್ದವು: ತಾಯಿ ಹಸಿವು ತೀರಿಸುತ್ತಾಳೆ, ಆದ್ದರಿಂದ ಮಗು ಅವಳನ್ನು ಹಚ್ಚಿಕೊಳ್ಳುತ್ತದೆ. ಪ್ರಾಣಿಗಳ ಸಹಜ ವರ್ತನೆಯನ್ನು ಅವುಗಳ ಪರಿಸರದಲ್ಲೇ ಅಧ್ಯಯನ ಮಾಡುವ ಈಥಾಲಜಿ ಎಂಬ ಶಾಸ್ತ್ರದತ್ತ ಬೌಲ್ಬಿ ತಿರುಗಿ, ಮರಿಯು ತಾಯಿಯ ಬಳಿ ಇರುವುದು ಹಾಲಿಗಾಗಿ ಮಾತ್ರವಲ್ಲ, ರಕ್ಷಣೆಗಾಗಿ ಪ್ರಕೃತಿಯೇ ರೂಪಿಸಿದ ಏರ್ಪಾಡು ಎಂದು ಯೋಚಿಸತೊಡಗಿದ್ದಾಗ, ಲಂಡನ್ ಬಿಡುವ ಹೊತ್ತಿಗೆ ಏನ್ಸ್‌ವರ್ತ್ ಅವರಿಗೇ ಅದರಲ್ಲಿ ನಂಬಿಕೆಯಿರಲಿಲ್ಲ. ಗಾಂಡಾ ಮನೆಗಳು ಅವರ ಅಭಿಪ್ರಾಯವನ್ನು ಬದಲಿಸಿದವು. ಅಲ್ಲಿಯ ಕೂಸುಗಳು ಉಣಿಸಿದವರಿಗೆ ತೃಪ್ತರಾಗಿ ಅಂಟಿಕೊಳ್ಳುವ ನಿಷ್ಕ್ರಿಯ ಜೀವಿಗಳಾಗಿರಲಿಲ್ಲ. ಒಬ್ಬರ ತೋಳಿನಲ್ಲಿ ಅಳುತ್ತಿದ್ದ ಮಗು ತಾಯಿಯ ತೋಳಿಗೆ ಬಂದೊಡನೆ ಸುಮ್ಮನಾಗುತ್ತಿತ್ತು. ತಾಯಿ ಎದ್ದು ಹೊರಟರೆ ಅಂಬೆಗಾಲಿಕ್ಕಿ ಬೆನ್ನಟ್ಟುತ್ತಿತ್ತು. ಮರಳಿ ಬಂದಾಗ ಅಲ್ಲಿಯ ರೂಢಿಯಂತೆ ಚಪ್ಪಾಳೆ ತಟ್ಟಿ ಎದುರುಗೊಳ್ಳುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ತಾಯಿ ಅಲ್ಲೇ ಕುಳಿತಿದ್ದಾಳೆಂಬ ಭರವಸೆಯಿದ್ದಾಗ ಮಗು ಅವಳಿಂದ ದೂರ ತೆವಳಿ, ನೆಲದ ಮೇಲಿನ ವಸ್ತುಗಳನ್ನೂ ಬಂದವರ ಮುಖಗಳನ್ನೂ ಪರೀಕ್ಷಿಸಿ, ಆಗಾಗ ಹಿಂತಿರುಗಿ ಬಂದು ಮುಟ್ಟಿ ಮತ್ತೆ ಹೊರಡುತ್ತಿತ್ತು. ಟೊರಾಂಟೊದಲ್ಲಿ ಬ್ಲಾಟ್ಜ್ ತತ್ತ್ವವಾಗಿ ಹೇಳಿದ್ದ ‘ಭದ್ರ ನೆಲೆ’ ಇಲ್ಲಿ ನಡುಕೋಣೆಯ ನೆಲದ ಮೇಲೆ ಕಣ್ಣಿಗೆ ಕಾಣುವ ಚಲನೆಯಾಗಿತ್ತು.

28 ಕೂಸುಗಳಲ್ಲಿ 16 ಭದ್ರವಾಗಿ ಹಚ್ಚಿಕೊಂಡವು, 7 ಅಭದ್ರವಾಗಿ ಹಚ್ಚಿಕೊಂಡವು, 5 ಇನ್ನೂ ಹಚ್ಚಿಕೊಳ್ಳದವು ಎಂದು ಅವರು ವಿಂಗಡಿಸಿದರು. ಈ ವ್ಯತ್ಯಾಸಕ್ಕೆ ಕಾರಣ ಹುಡುಕುವಾಗ ದೊರೆತ ಒಂದು ಸಂಗತಿ ಮುಂದಿನ ಕೆಲಸಕ್ಕೆಲ್ಲ ಬೀಜವಾಯಿತು. ಭದ್ರ ಮಕ್ಕಳ ತಾಯಂದಿರು ಮಗುವಿನ ವಿಷಯ ಕೇಳಿದಾಗ ಒಳ್ಳೆಯ ವಿವರ ಕೊಡುತ್ತಿದ್ದರು: ಅದು ಯಾವಾಗ ಏಳುತ್ತದೆ, ಯಾರನ್ನು ಕಂಡರೆ ನಗುತ್ತದೆ, ನಿನ್ನೆಯಿಂದ ಏನು ಹೊಸದು ಕಲಿತಿದೆ ಎಂಬುದೆಲ್ಲ ಅವರ ನಾಲಗೆಯ ತುದಿಯಲ್ಲಿತ್ತು. ಅಭದ್ರ ಮಕ್ಕಳ ತಾಯಂದಿರ ಮಾತು ಮಗುವಿನಿಂದ ಬೇಗ ಬೇರೆಡೆಗೆ ಹೊರಳುತ್ತಿತ್ತು. ಹಾಲೂಡಿಸುವುದರಲ್ಲಿ ತಾಯಿಗೆ ಸಂತೋಷವಿದ್ದದ್ದೂ ಮಗುವಿನ ಭದ್ರತೆಗೆ ಹೊಂದಿಕೊಂಡು ಬಂದಿತು. ತಾಯಿ ಮಗುವನ್ನು ಎಷ್ಟು ನೋಡಿದ್ದಾಳೆ, ಎಷ್ಟು ಗಮನಿಸಿದ್ದಾಳೆ ಎಂಬುದೇ ಇಲ್ಲಿಯ ನಿರ್ಣಾಯಕ ಅಂಶ. ಹೀಗೆ, ವೀಕ್ಷಣೆಯನ್ನು ವಿಧಾನವಾಗಿ ಹಿಡಿದು ಹೊರಟ ಸಂಶೋಧಕಿಗೆ ವೀಕ್ಷಣೆಯೇ ಉತ್ತರವಾಗಿಯೂ ದೊರೆಯಿತು. ಒಳ್ಳೆಯ ತಾಯಿ ಎಂಬುದಕ್ಕೆ ಇದಕ್ಕಿಂತ ನ್ಯಾಯವಾದ ವಿವರಣೆಯನ್ನು ಈ ಶಾಸ್ತ್ರ ಆಮೇಲೆಯೂ ಕೊಟ್ಟಿಲ್ಲ.

1955ರಲ್ಲಿ ಉಗಾಂಡ ಬಿಟ್ಟ ದಂಪತಿಗಳು ಅಮೆರಿಕದ ಬಾಲ್ಟಿಮೋರ್ ನಗರ ಸೇರಿದರು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಏನ್ಸ್‌ವರ್ತ್ ಅವರಿಗೆ ಬೋಧನೆಯ ಜೊತೆ ಚಿಕಿತ್ಸಾಮನೋವಿಜ್ಞಾನದ ಕೆಲಸವನ್ನೂ ಸೇರಿಸಿ ಒಂದು ಸ್ಥಾನ ಕಲ್ಪಿಸಲಾಯಿತು. ಸಂಬಳ ಅವರ ವಯಸ್ಸು, ಅನುಭವ ಮತ್ತು ಕೆಲಸಕ್ಕೆ ತಕ್ಕದ್ದಾಗಿರಲಿಲ್ಲ. ಅಧ್ಯಾಪಕರ ಕ್ಲಬ್ಬಿನಲ್ಲಿ ಹೆಂಗಸರು ಬೇರೆ ಕೋಣೆಯಲ್ಲಿ ಊಟ ಮಾಡಬೇಕೆಂಬ ಪದ್ಧತಿ 1960ರ ದಶಕದಲ್ಲೂ ಉಳಿದಿತ್ತು. 1960ರಲ್ಲಿ ವಿವಾಹ ವಿಚ್ಛೇದನದಲ್ಲಿ ಕೊನೆಗೊಂಡಿತು. ಉಗಾಂಡದ ಟಿಪ್ಪಣಿಗಳು ವರ್ಷಗಟ್ಟಲೆ ಪುಸ್ತಕವಾಗದೆ ಕಾದವು. ಇತ್ತ 1958ರಲ್ಲಿ ಹ್ಯಾರಿ ಹಾರ್ಲೋ, ಹಾಲು ಕೊಡುವ ತಂತಿಯ ಗೊಂಬೆಗಿಂತ ಹಾಲು ಕೊಡದ ಬಟ್ಟೆಯ ಗೊಂಬೆಯನ್ನೇ ಕೋತಿಮರಿಗಳು ತಬ್ಬಿ ಕೂರುವುದನ್ನು ತೋರಿಸಿದನು. ಅದೇ ವರ್ಷ ಮಗು ತಾಯಿಗೆ ಅಂಟುವ ಬಗೆಯ ಕುರಿತ ಬೌಲ್ಬಿಯ ಪ್ರಸಿದ್ಧ ಪ್ರಬಂಧವೂ ಹೊರಬಂದಿತು. ಬೌಲ್ಬಿ ಬಾಲ್ಟಿಮೋರಿಗೆ ಬಂದಾಗ ತಾವಿಬ್ಬರೂ ಬೇರೆ ಬೇರೆ ದಾರಿಯಲ್ಲಿ ಒಂದೇ ಕಡೆಗೆ ಬಂದಿರುವುದು ಇಬ್ಬರಿಗೂ ತಿಳಿದು, ಮುಂದಿನ ಮೂರು ದಶಕಗಳ ಸಹಭಾಗಿತ್ವ ಆರಂಭವಾಯಿತು.

ಬಾಲ್ಟಿಮೋರಿನ ಆಯ್ಕೆಯಲ್ಲಿ ಚರಿತ್ರೆಯ ಒಂದು ಗಂಭೀರ ತಿರುವೂ ಇದೆ. ವರ್ತನವಾದದ ಸ್ಥಾಪಕ ಜಾನ್ ವಾಟ್ಸನ್ 1920ರವರೆಗೆ ಇದೇ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾಗಿದ್ದನು. ಮಗುವನ್ನು ಮುದ್ದಿಸಬಾರದು, ಅಪ್ಪಿ ಮುತ್ತಿಡುವ ಬದಲು ಬೆಳಗ್ಗೆ ಕೈಕುಲುಕಬೇಕು ಎಂದು ಅಮೆರಿಕದ ತಾಯಂದಿರಿಗೆ 1928ರ ತನ್ನ ಪುಸ್ತಕದಲ್ಲಿ ಬೋಧಿಸಿದವನೂ ಅವನೇ. ಅತ್ತಾಗ ಎತ್ತಿಕೊಂಡರೆ ಮಗು ಅಳುವುದನ್ನೇ ಕಲಿಯುತ್ತದೆ ಎಂಬ ನಂಬಿಕೆ ಆ ಪಂಥದಿಂದ ಬಲಗೊಂಡು ಮನೆಮನೆಗೆ ಇಳಿದಿತ್ತು. 1963ರಲ್ಲಿ ಏನ್ಸ್‌ವರ್ತ್ ಆರಂಭಿಸಿದ ಅಧ್ಯಯನದಲ್ಲಿ ಬಾಲ್ಟಿಮೋರಿನ 26 ಕುಟುಂಬಗಳನ್ನು ಮಗು ಮೂರು ವಾರದ್ದಾದಾಗಿನಿಂದ 54 ವಾರಗಳವರೆಗೆ, ಮೂರು ವಾರಗಳಿಗೊಮ್ಮೆ, ಪ್ರತಿಸಲ ಸುಮಾರು ನಾಲ್ಕು ಗಂಟೆಗಳಂತೆ ನೋಡಲಾಯಿತು. ಒಂದು ಮನೆಗೆ ಒಟ್ಟು ಸುಮಾರು 72 ಗಂಟೆಗಳು. ನೋಡುವವರು ಅಳುವಿನ ಎಣಿಕೆಯನ್ನಷ್ಟೇ ಮಾಡದೆ, ಯಾವುದರಿಂದ ಅಳು ಹುಟ್ಟಿತು, ತಾಯಿ ಎಷ್ಟು ಹೊತ್ತಿಗೆ ಬಂದಳು, ಬಂದು ಏನು ಮಾಡಿದಳು ಎಂಬ ಸರಣಿಯನ್ನು ಪೂರ್ತಿಯಾಗಿ ಬರೆದರು. ಸಿಲ್ವಿಯಾ ಬೆಲ್ ಅವರೊಂದಿಗೆ 1972ರಲ್ಲಿ ಪ್ರಕಟಿಸಿದ ಫಲಿತಾಂಶ ವಾಟ್ಸನ್ನನ ಬೋಧನೆಯನ್ನು ಅವನ ಊರಿನಲ್ಲೇ ತಲೆಕೆಳಗು ಮಾಡಿತು: ಮೊದಲ ತಿಂಗಳುಗಳಲ್ಲಿ ಅಳುವಿಗೆ ತಡಮಾಡದೆ ಓಗೊಟ್ಟ ತಾಯಂದಿರ ಮಕ್ಕಳು ವರ್ಷದ ಕೊನೆಗೆ ಕಡಿಮೆ ಅಳುತ್ತಿದ್ದರು, ಅಳುವಿನ ಬದಲು ಬೇರೆ ಸನ್ನೆ ಮತ್ತು ಧ್ವನಿಗಳಿಂದ ತಿಳಿಸಲು ಕಲಿತಿದ್ದರು. ವರ್ತನವಾದಿಗಳು ಈ ತೀರ್ಮಾನವನ್ನು ಬಲವಾಗಿ ಪ್ರಶ್ನಿಸಿದರು ಮತ್ತು ವಾದ ವರ್ಷಗಟ್ಟಲೆ ನಡೆಯಿತು. ಮಗುವಿನ ಸೂಚನೆಯನ್ನು ಕಾಣುವುದು, ಸರಿಯಾಗಿ ಅರ್ಥಮಾಡಿಕೊಳ್ಳುವುದು, ತಕ್ಕಂತೆ ಮತ್ತು ತಡವಿಲ್ಲದೆ ಸ್ಪಂದಿಸುವುದು ಎಂಬ ನಾಲ್ಕು ಅಂಗಗಳ ‘ಸಂವೇದನಶೀಲತೆ’ ಎಂಬ ಪರಿಕಲ್ಪನೆ ರೂಪುಗೊಂಡದ್ದು ಈ ಬರಹಗಳಿಂದಲೇ.

ಹಾಗಿದ್ದ ಮೇಲೆ ಪ್ರಯೋಗದ ಕೋಣೆ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಉಗಾಂಡದಲ್ಲಿದೆ. ಗಾಂಡಾ ಕೂಸುಗಳು ತಾಯಿ ಕೋಣೆ ಬಿಟ್ಟರೆ ತಮ್ಮ ಮನೆಯಲ್ಲೇ ಅಳುತ್ತಿದ್ದವು. ಬಾಲ್ಟಿಮೋರಿನ ಕೂಸುಗಳಿಗೆ ತಾಯಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಿಬರುವುದು ದಿನದ ಅಭ್ಯಾಸವಾದ್ದರಿಂದ, ಅವು ಮನೆಯಲ್ಲಿ ಅಂಥ ಕಳವಳವನ್ನು ಅಷ್ಟಾಗಿ ತೋರಿಸಲಿಲ್ಲ. ಆಫ್ರಿಕಾದ ಮನೆಯಲ್ಲಿ ತಾನಾಗಿಯೇ ಕಂಡದ್ದನ್ನು ಅಮೆರಿಕದಲ್ಲಿ ಕಾಣಬೇಕಾದರೆ ಮಗುವನ್ನು ಹೊಸ ಜಾಗಕ್ಕೆ ಕರೆತರಬೇಕಾಯಿತು. ಬಾರ್ಬರಾ ವಿಟಿಗ್ ಅವರೊಂದಿಗೆ ಏನ್ಸ್‌ವರ್ತ್ ರೂಪಿಸಿದ ‘ಅಪರಿಚಿತ ಸನ್ನಿವೇಶ’ದಲ್ಲಿ ಎಂಟು ಹಂತಗಳಿವೆ. ಒಂದು ವರ್ಷದ ಮಗು ತಾಯಿಯೊಂದಿಗೆ ಆಟಿಕೆಗಳಿರುವ ಹೊಸ ಕೋಣೆಗೆ ಬರುತ್ತದೆ. ಅಪರಿಚಿತ ಹೆಂಗಸೊಬ್ಬಳು ಒಳಬರುತ್ತಾಳೆ. ತಾಯಿ ಹೊರಹೋಗಿ ಮರಳುತ್ತಾಳೆ. ಎರಡನೆಯ ಸಲ ಹೋದಾಗ ಮಗು ಒಂಟಿಯಾಗುತ್ತದೆ, ಮೊದಲು ಅಪರಿಚಿತೆ, ಆಮೇಲೆ ತಾಯಿ ಹಿಂತಿರುಗುತ್ತಾಳೆ. ಹಂತಗಳು ಹೆಚ್ಚಾಗಿ ಮೂರು ಮೂರು ನಿಮಿಷಗಳವು. ಮಗು ತೀರ ಕಂಗೆಟ್ಟರೆ ಅಗಲಿಕೆಯನ್ನು ಮೊಟಕುಗೊಳಿಸಲಾಗುತ್ತದೆ. ಸಂಶೋಧಕರು ಒಂದು ಕಡೆಯಿಂದ ಮಾತ್ರ ಕಾಣುವ ಗಾಜಿನ ಹಿಂದೆ ಕುಳಿತು ನೋಡುತ್ತಾರೆ.

ಅಗಲಿಕೆಯ ಅಳುವಿಗಿಂತ ಮರಳಿದಾಗಿನ ನಡತೆಯೇ ಹೆಚ್ಚು ಹೇಳುತ್ತದೆ ಎಂಬುದು ಇಲ್ಲಿಯ ಅನಿರೀಕ್ಷಿತ ಶೋಧ. ಹೆಚ್ಚಿನ ಮಕ್ಕಳು ತಾಯಿಯ ಬಳಿಗೆ ಬಂದು, ಸಮಾಧಾನಗೊಂಡು, ಮತ್ತೆ ಆಟಕ್ಕೆ ಹೊರಳಿದವು; ಇವು ಭದ್ರ ಮಕ್ಕಳು. ಕೆಲವು ಎತ್ತಿಕೋ ಎಂದು ಚಾಚಿದ ಕೈಯಿಂದಲೇ ತಾಯಿಯನ್ನು ತಳ್ಳಿ, ಸಮಾಧಾನವಾಗದೆ ಉಳಿದವು. ಇವನ್ನು ಪ್ರತಿರೋಧಿ ಗುಂಪೆಂದರು. ಇನ್ನು ಕೆಲವು ತಾಯಿ ಬಂದರೂ ಮುಖ ತಿರುಗಿಸಿ ಆಟಿಕೆಯತ್ತಲೇ ನೋಡಿದವು. ಈ ‘ದೂರವುಳಿಯುವ’ ಮಕ್ಕಳು ಮೇಲ್ನೋಟಕ್ಕೆ ಸ್ವಾವಲಂಬಿಗಳಂತೆ ಕಂಡರೂ, ಆಸ್ಪತ್ರೆಯಲ್ಲಿ ಬಹುದಿನ ಅಗಲಿದ್ದ ಮಕ್ಕಳು ತಾಯಿಯನ್ನು ಮತ್ತೆ ಕಂಡಾಗ ತೋರುತ್ತಿದ್ದ ನಿರ್ಲಿಪ್ತತೆಯನ್ನು ರಾಬರ್ಟ್‌ಸನ್ ಬರೆದಿಟ್ಟದ್ದು ಏನ್ಸ್‌ವರ್ತ್ ಅವರಿಗೆ ನೆನಪಾಯಿತು. 72 ಗಂಟೆಗಳ ಮನೆಯ ಬರಹ ತೆರೆದು ನೋಡಿದಾಗ, ಮೈಗೆ ಮೈ ತಾಗುವುದನ್ನು ಒಲ್ಲದ ತಾಯಂದಿರ ಮಕ್ಕಳಲ್ಲಿ ಈ ನಡತೆ ಹೆಚ್ಚಾಗಿ ಕಂಡಿತು. ಇಂಥ ಮಕ್ಕಳ ಹೃದಯಬಡಿತ ಅಗಲಿಕೆಯಲ್ಲಿ ಉಳಿದವರಂತೆಯೇ ಏರುವುದನ್ನು ಅಲನ್ ಸ್ರೂಫ್ ಮತ್ತು ಎವರೆಟ್ ವಾಟರ್ಸ್ 1977ರಲ್ಲಿ ತೋರಿಸಿದರು. ಮುಖದ ಶಾಂತಿ ಎದೆಯದಾಗಿರಲಿಲ್ಲ. ಮನೆಯ ಬರಹ ಇಲ್ಲದಿದ್ದರೆ ಈ ಮಕ್ಕಳನ್ನು ಧೈರ್ಯಶಾಲಿಗಳೆಂದು ಹೊಗಳಿ ಮುಂದೆ ಹೋಗುವ ಸಾಧ್ಯತೆಯೇ ಹೆಚ್ಚಿತ್ತು.

ಉಗಾಂಡದ ಗ್ರಂಥ 1967ರಲ್ಲಿ, ಬಾಲ್ಟಿಮೋರಿನ ಫಲಿತಾಂಶಗಳ ಗ್ರಂಥ ಮೇರಿ ಬ್ಲೆಹರ್, ವಾಟರ್ಸ್ ಮತ್ತು ಸ್ಯಾಲಿ ವಾಲ್ ಅವರ ಸಹಲೇಖನದಲ್ಲಿ 1978ರಲ್ಲಿ ಪ್ರಕಟವಾದವು. ಏನ್ಸ್‌ವರ್ತ್ 1970ರ ದಶಕದ ಮಧ್ಯದಲ್ಲಿ ವರ್ಜೀನಿಯಾ ವಿಶ್ವವಿದ್ಯಾನಿಲಯಕ್ಕೆ ತೆರಳಿ 1984ರಲ್ಲಿ ನಿವೃತ್ತರಾದರು. ಅಷ್ಟರಲ್ಲಿ ಇಪ್ಪತ್ತು ನಿಮಿಷದ ಪ್ರಯೋಗ ಸಮುದ್ರ ದಾಟಿತ್ತು. ಉತ್ತರ ಜರ್ಮನಿಯ ಬೀಲೆಫೆಲ್ಡ್‌ನಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ದೂರವುಳಿಯುವ ಗುಂಪಿಗೆ ಸೇರಿದರೆ, ಜಪಾನಿನ ಸಪ್ಪೊರೊದಲ್ಲಿ ಆ ಗುಂಪಿನ ಮಕ್ಕಳೇ ಕಾಣಲಿಲ್ಲ, ಪ್ರತಿರೋಧಿಗಳು ಹೆಚ್ಚಾಗಿ ಕಂಡರು. ಬೇಗ ಸ್ವಾವಲಂಬಿಯಾಗಲಿ ಎಂದು ಬೆಳೆಸುವ ಊರಿನ ಮಗುವಿಗೂ, ತಾಯಿಯನ್ನು ಬಿಟ್ಟು ಒಂಟಿಯಾಗಿ ಇದ್ದೇ ಗೊತ್ತಿಲ್ಲದ ಊರಿನ ಮಗುವಿಗೂ ಆ ಕೋಣೆಯ ಮೂರು ನಿಮಿಷಗಳು ಒಂದೇ ಆಗಿರಲಿಲ್ಲ. ಎಂಟು ದೇಶಗಳ 32 ಅಧ್ಯಯನಗಳನ್ನು, ಸುಮಾರು 2,000 ಮಕ್ಕಳನ್ನು ಒಟ್ಟುಗೂಡಿಸಿ ವಾನ್ ಐಜೆನ್‌ಡೋರ್ನ್ ಮತ್ತು ಕ್ರೂನೆನ್‌ಬರ್ಗ್ 1988ರಲ್ಲಿ ಲೆಕ್ಕ ಹಾಕಿದಾಗ ಒಟ್ಟಾರೆ ಶೇ. 65ರಷ್ಟು ಭದ್ರ, ಶೇ. 21 ದೂರವುಳಿಯುವ, ಶೇ. 14 ಪ್ರತಿರೋಧಿ ಎಂಬ ಪ್ರಮಾಣ ದೊರೆಯಿತು; ದೇಶ ದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ದೇಶದೊಳಗಿನ ವ್ಯತ್ಯಾಸ ಸುಮಾರು ಒಂದೂವರೆ ಪಟ್ಟು ಹೆಚ್ಚಿತ್ತು. ಅಜ್ಜಿ, ಅಕ್ಕ, ನೆರೆಮನೆಯವರು ಸೇರಿ ಮಗುವನ್ನು ಬೆಳೆಸುವ ಸಮಾಜಗಳಲ್ಲಿ ತಾಯಿ ಮತ್ತು ಮಗು ಎಂಬ ಜೋಡಿಯನ್ನಷ್ಟೇ ಕೋಣೆಗೆ ಕರೆಯುವುದು ಸರಿಯೇ ಎಂದು ಹೈಡಿ ಕೆಲ್ಲರ್ ಮೊದಲಾದವರು ಕೇಳಿದ ಪ್ರಶ್ನೆ ಇಂದಿಗೂ ತೂಕದ್ದೇ. ತಾಯಿಯೊಬ್ಬಳ ಮೇಲೆಯೇ ಹೊಣೆ ಹೊರಿಸುತ್ತದೆ ಎಂಬ ಆಕ್ಷೇಪವೂ ಈ ಶಾಸ್ತ್ರವನ್ನು ಬಿಟ್ಟಿಲ್ಲ, ಬಿಡಬಾರದು ಕೂಡ. ಆದರೆ ಈ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಇನ್ನಷ್ಟು ಕೋಣೆಗಳಲ್ಲಲ್ಲ, ಕಂಪಾಲಾದ ಹಳ್ಳಿಗಳಲ್ಲಿ ನಡೆದಂಥ ಕೆಲಸದಲ್ಲಿ.

ಪ್ರಶಸ್ತಿಗಳು ತಡವಾಗಿಯಾದರೂ ಬಂದವು. 1989ರಲ್ಲಿ ಅಮೆರಿಕದ ಮನೋವೈಜ್ಞಾನಿಕ ಸಂಘವು ಬೌಲ್ಬಿ ಮತ್ತು ಏನ್ಸ್‌ವರ್ತ್ ಇಬ್ಬರನ್ನೂ ಒಟ್ಟಿಗೆ ಗೌರವಿಸಿತು. ಅವರ ಶಿಷ್ಯೆ ಮೇರಿ ಮೇನ್, ಮೂರು ಗುಂಪುಗಳಿಗೂ ಒಗ್ಗದ ಮಕ್ಕಳಿಗಾಗಿ ನಾಲ್ಕನೆಯ ಗುಂಪನ್ನು ಗುರುತಿಸಿದಾಗ ಗುರು ಅದನ್ನು ಸ್ವಾಗತಿಸಿದರು. ತಮ್ಮ ಹಳೆಯ ಶಿಷ್ಯ ರಾಬರ್ಟ್ ಮಾರ್ವಿನ್ ಅವರೊಂದಿಗೆ ನಡೆಸಿದ, 1995ರಲ್ಲಿ ಪ್ರಕಟವಾದ ಸಂವಾದದಲ್ಲಿ ಏನ್ಸ್‌ವರ್ತ್ ತಮ್ಮ ನಿರಾಶೆಯನ್ನು ಮುಚ್ಚಿಡಲಿಲ್ಲ: ಇಷ್ಟೊಂದು ಮಂದಿ ಸಂಶೋಧಕರು ಅಪರಿಚಿತ ಸನ್ನಿವೇಶವನ್ನೇ ಮತ್ತೆ ಮತ್ತೆ ನಡೆಸುತ್ತಿದ್ದಾರೆಯೇ ಹೊರತು ಮನೆಯಲ್ಲಿ ಏನು ನಡೆಯುತ್ತದೆ ಎಂದು ನೋಡಲು ಹೋಗುತ್ತಿಲ್ಲ ಎಂಬುದು ಅವರ ಕೊರಗಾಗಿತ್ತು. ಮನೆಗೆ ಹೋಗಿ ನೋಡುವುದು ದುಬಾರಿ, ನಿಧಾನ; ಬಡ್ತಿಗೆ ಬೇಕಾದ ಲೇಖನಗಳು ಅದರಿಂದ ಬೇಗ ಹುಟ್ಟುವುದಿಲ್ಲ. ಅವರು 1999ರ ಮಾರ್ಚ್ 21ರಂದು ವರ್ಜೀನಿಯಾದ ಶಾರ್ಲಟ್ಸ್‌ವಿಲ್‌ನಲ್ಲಿ ತೀರಿಕೊಂಡರು. ಅವರನ್ನು ಅರಿಯಬಯಸುವ ಓದುಗರು ಎಂಟು ಹಂತಗಳ ಪಟ್ಟಿಯಿಂದ ಆರಂಭಿಸದೆ, ಕೇಟಿ ಕಿಬೂಕ ಅವರ ಜೊತೆ ಕುಳಿತು 28 ಕೂಸುಗಳನ್ನು ನೋಡಿದ 1967ರ ಗ್ರಂಥದಿಂದ ಆರಂಭಿಸಬೇಕು.